ಯಾವ ಭಾಗ ಹಳೆಯದಾಗಿದೆ, ಮೊದಲು ನೋಡು

ಮೂರೇ ವರ್ಷಕ್ಕೆ ಫೋನ್ ಮುದಿಯಾಯಿತು, ಹಬ್ಬದ ಆಫರ್‌ನಲ್ಲಿ ಹೊಸದು ತಗೋತೀನಿ ಅಂದೆಯಲ್ಲ ಪುಟ್ಟಿ, ಅದಕ್ಕೇ ಈ ಮಾತು. ಕೊಳ್ಳಲೇಬೇಡ ಅಂತ ನಾನು ಹೇಳುವುದಿಲ್ಲ, ದುಡಿಯುವವಳು ನೀನು. ಆದರೆ ಫೋನ್ ಇಡಿಯಾಗಿ ಹಳೆಯದಾಗುವುದಿಲ್ಲ ಕಣಮ್ಮಾ. ಒಳಗಿರುವ ಯಾವುದೋ ಒಂದು ಭಾಗ ಸೋತಿರುತ್ತದೆ. ಅದು ಯಾವುದು ಅಂತ ತಿಳಿಯದೆ ಅಂಗಡಿ ಮೆಟ್ಟಿಲು ಹತ್ತಬೇಡ.

ಬಹುಪಾಲು ಸಲ ಸೋಲುವುದು ಬ್ಯಾಟರಿ. ಲಿಥಿಯಂ ಬ್ಯಾಟರಿ ಪೂರ್ತಿಯಾಗಿ 500 ಸಲ ಚಾರ್ಜ್ ಆಗುವಷ್ಟರಲ್ಲಿ ಅದರ ಧಾರಣಶಕ್ತಿ ಶೇ 80ರ ಆಸುಪಾಸಿಗೆ ಇಳಿಯುವುದು ಸಹಜ. ಈಚಿನ ಕೆಲವು 1,000 ಸಲದವರೆಗೂ ತಡೆಯುತ್ತವೆ. ಬಳಲಿದ ಬ್ಯಾಟರಿಗೆ ಒಮ್ಮೆಲೇ ಹೆಚ್ಚು ಕರೆಂಟ್ ಕೊಡಲಾಗುವುದಿಲ್ಲ, ಅದಕ್ಕೇ ಇನ್ನೂ ಚಾರ್ಜ್ ಇರುವಾಗಲೇ ಫೋನ್ ಆಫ್ ಆಗುವುದು. ಹಾಗೆ ಆಫ್ ಆಗದಿರಲೆಂದು ಹಳೆಯ ಐಫೋನ್‌ಗಳ ವೇಗವನ್ನೇ ತಗ್ಗಿಸಿದ್ದಾಗಿ ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಬ್ಯಾಟರಿ ಬದಲಿಸಿದರೆ ಅದೇ ಫೋನ್ ಮತ್ತೆ ಚುರುಕಾಗುತ್ತಿತ್ತು. ಎಷ್ಟು ಜನ ಅದು ತಿಳಿಯದೆ ಹೊಸದಕ್ಕೆ ದುಡ್ಡು ಸುರಿದರೋ!

ಬ್ಯಾಟರಿಗೆ ಬಿಸಿಯೇ ಶತ್ರು. ಚಾರ್ಜಿಗೆ ಹಾಕಿ ದಿಂಬಿನಡಿ ಇಡುವುದನ್ನೂ, ಬಿಸಿಲಲ್ಲಿ ಸ್ಕೂಟರಿನ ಹ್ಯಾಂಡಲ್‌ಗೆ ಸಿಕ್ಕಿಸಿ ಮ್ಯಾಪ್ ನೋಡುತ್ತಾ ಚಾರ್ಜ್ ಮಾಡುವುದನ್ನೂ ಬಿಡು. ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದ್ದರೆ ಆನ್ ಮಾಡು. ಇನ್ನು ಚಾರ್ಜೇ ಆಗುತ್ತಿಲ್ಲ ಅಂದರೆ ಫೋನ್ ಆಫ್ ಮಾಡಿ, ಪಿನ್ ಹಾಕುವ ಜಾಗಕ್ಕೆ ಟಾರ್ಚ್ ಬಿಟ್ಟು ನೋಡು. ಜೇಬು, ಬ್ಯಾಗುಗಳ ನೂಲಿನ ಎಳೆ, ಧೂಳು ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿದರೆ ಹತ್ತಿಯ ಉಂಡೆಯ ಹಾಗೆ ಹೊರಗೆ ಬರುತ್ತದೆ. ಸೂಜಿ ಮಾತ್ರ ಹಾಕಬೇಡ.

ರಿಪೇರಿಗೆ ಕೊಡುವಾಗ ಎದುರಿಗೇ ನಿಂತು ನೋಡು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಕೈಪಳಗಿದ ಹುಡುಗರಿದ್ದಾರೆ. ಅಂಚನ್ನು ಬಿಸಿ ಮಾಡಿ, ಅಂಟು ಸಡಿಲವಾದ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ತುಂಡು ತೂರಿಸಿ ಸುತ್ತಲೂ ಎಳೆಯುತ್ತಾರೆ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಜೋಡಿಸಿಡುವವನು ಒಳ್ಳೆಯ ಕೆಲಸಗಾರ. ಯಾಕೆಂದರೆ ಅವುಗಳ ಉದ್ದ ಬೇರೆ ಬೇರೆ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದನ್ನು ತಿರುಗಿಸಿದರೆ ಬೋರ್ಡೇ ಹೋದೀತು. ಹಾಕುತ್ತಿರುವ ಭಾಗ ಒರಿಜಿನಲ್ಲೋ ಅಲ್ಲವೋ ಕೇಳು, ಬಿಲ್ ಪಡೆ. ಒಮ್ಮೆ ಬಿಚ್ಚಿದ ಫೋನನ್ನು ನೀರಿನ ಹತ್ತಿರ ಒಯ್ಯಬೇಡ, ಮೊದಲಿನ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ರಿಪೇರಿ ನಮ್ಮ ಹಕ್ಕು ಅನ್ನುವ ಮಾತಿಗೆ ಈಗ ಬಲ ಬಂದಿದೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಅದಕ್ಕೆಂದೇ ಒಂದು ಪೋರ್ಟಲ್ ತೆರೆಯಿತು. ಯುರೋಪಿನಲ್ಲಿ 2025ರ ಜೂನ್‌ನಿಂದ ಕಾನೂನೇ ಬಂದಿದೆ: ಒಂದು ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಅದರ ಬಿಡಿಭಾಗಗಳು ಸಿಗಬೇಕು. ಇಲ್ಲಿಯೂ ಅಂಥದ್ದೇ ಬರಬೇಕು, ನೀವು ಕೇಳಬೇಕು.

ರಿಪೇರಿಗೆ ಬಗ್ಗದ ಒಂದೇ ಮುಪ್ಪು ಅಂದರೆ ಅಪ್‌ಡೇಟ್ ನಿಲ್ಲುವುದು. ಅಬೌಟ್ ಫೋನ್ ಒಳಗೆ ಹೋಗಿ ಸೆಕ್ಯುರಿಟಿ ಅಪ್‌ಡೇಟಿನ ತಾರೀಖು ನೋಡು. ಅದು ವರ್ಷಗಳ ಹಿಂದಿನದಾಗಿದ್ದರೆ, ಆ ಫೋನಿನಲ್ಲಿ ಬ್ಯಾಂಕ್, ಯುಪಿಐ ಇಟ್ಟುಕೊಳ್ಳಬೇಡ. ಈ ಒಂದು ವಿಷಯದಲ್ಲಿ ಜುಗ್ಗತನ ಸಲ್ಲದು. ಹೊಸದು ಕೊಳ್ಳುವಾಗಲೂ ಕ್ಯಾಮೆರಾಕ್ಕಿಂತ ಮೊದಲು ಇದನ್ನೇ ವಿಚಾರಿಸು. 2023ರಲ್ಲಿ ಪಿಕ್ಸೆಲ್ 8ಕ್ಕೆ ಗೂಗಲ್, 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್ಸಂಗ್ 7 ವರ್ಷದ ಮಾತು ಕೊಟ್ಟವು. ಆದರೆ ಆ ಲೆಕ್ಕ ಶುರುವಾಗುವುದು ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ನೀನು ಕೊಂಡ ದಿನದಿಂದಲ್ಲ. ಆಫರ್‌ನಲ್ಲಿ ಅಗ್ಗವಾಗಿ ಸಿಗುವ ಎರಡು ವರ್ಷ ಹಿಂದಿನ ಮಾದರಿಯಲ್ಲಿ ಎರಡು ವರ್ಷ ಆಗಲೇ ಕಳೆದಿರುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡರೆ *#06# ಒತ್ತಿ ಐಎಂಇಐ ನಂಬರ್ ತೆಗೆದುಕೋ, ಅದು ಕಳವಿನ ಮಾಲೋ ಅಲ್ಲವೋ ಅಂತ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನೋಡು.

ಇನ್ನು ನಿಮ್ಮ ಮನೆಯ ಶೋಕೇಸ್ ಡ್ರಾಯರ್‌ನಲ್ಲಿ ಬಿದ್ದಿರುವ ಸತ್ತ ಫೋನ್‌ಗಳು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚುವ ಕಾಲಕ್ಕೆ ಒಂದು ಟನ್ ಅದಿರಿಗೆ ಕೆಲವೇ ಗ್ರಾಂ ಚಿನ್ನ ಸಿಗುತ್ತಿತ್ತು. ಒಂದು ಟನ್ ಹಳೆಯ ಫೋನ್‌ಗಳಲ್ಲಿ ನೂರಾರು ಗ್ರಾಂ ಇರುತ್ತದೆ. ಟೋಕಿಯೊ ಒಲಿಂಪಿಕ್ಸ್‌ನ ಸುಮಾರು 5,000 ಪದಕಗಳಿಗೆ ಬೇಕಾದ ಲೋಹವನ್ನು ಜಪಾನಿನ ಜನ ಕೊಟ್ಟ ಹಳೆಯ ಫೋನ್, ಲ್ಯಾಪ್‌ಟಾಪ್‌ಗಳಿಂದಲೇ ತೆಗೆದರು. ಆದರೆ ಗುಜರಿ ದಾರಿಯಲ್ಲಿ ಹೋದ ಬೋರ್ಡನ್ನು ಎಷ್ಟೋ ಕಡೆ ಆಸಿಡ್‌ನಲ್ಲಿ ಅದ್ದಿ, ವೈರನ್ನು ಸುಟ್ಟು ಲೋಹ ತೆಗೆಯುತ್ತಾರೆ. ಆ ಹೊಗೆ ಕುಡಿಯುವವರು ಬಡವರ ಮಕ್ಕಳು. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ನಮ್ಮಲ್ಲೇ ದಾಬಸ್‌ಪೇಟೆಯಲ್ಲಿ ಇ-ಪರಿಸರ ಘಟಕ 2005ರಿಂದ ಈ ಕೆಲಸವನ್ನು ಕ್ರಮವಾಗಿ ಮಾಡುತ್ತಿದೆ. ಅನುಮತಿ ಪಡೆದ ಇಂಥ ಘಟಕಗಳ ಪಟ್ಟಿ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಿಗುತ್ತದೆ.

ಉಬ್ಬಿದ ಬ್ಯಾಟರಿ ಇದ್ದರೆ ಒತ್ತಬೇಡ, ಚುಚ್ಚಬೇಡ, ಚಾರ್ಜಿಗೆ ಹಾಕಬೇಡ. ಕಸದ ಗಾಡಿಗಂತೂ ಹಾಕಲೇಬೇಡ, ಒತ್ತಡ ಬಿದ್ದರೆ ಬೆಂಕಿ ಹತ್ತುತ್ತದೆ. ಫೋನ್ ಕೊಡುವ ಮುಂಚೆ ಫೋಟೋಗಳನ್ನು ಇಳಿಸಿಕೊಂಡು, ಸಿಮ್ಮು, ಮೆಮೊರಿ ಕಾರ್ಡು ತೆಗೆದು, ಗೂಗಲ್ ಅಕೌಂಟ್ ತೆಗೆದುಹಾಕಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡು. ಈ ಭಾನುವಾರ ನಿಮ್ಮಪ್ಪನ ಎರಡು ಫೋನ್‌ಗಳನ್ನೂ ಸೇರಿಸಿ ಒಂದೇ ಸಲ ಮುಗಿಸಿಬಿಡು, ಅವನಾಗಿ ಅವನು ಮಾಡುವವನಲ್ಲ.