ಕಿಟಕಿಗಳ ಮೇಲ್ವಿಚಾರಕ

ಹತ್ತು ಹನ್ನೆರಡು ವರ್ಷ ದುಡಿದ, ಎರಡು ಗಿಗಾಬೈಟ್ ಸ್ಮೃತಿ, ಎಂದರೆ ಮೆಮೊರಿ, ಮಾತ್ರ ಉಳ್ಳ ಗಣಕಯಂತ್ರವೊಂದು ಅಣ್ಣನಿಂದಲೋ ಅಕ್ಕನಿಂದಲೋ ವಿದ್ಯಾರ್ಥಿಯ ಕೈಗೆ ಬರುವುದುಂಟು. ವಿಂಡೋಸ್ ೧೧ಕ್ಕೆ ಕಡಮೆಯೆಂದರೂ ನಾಲ್ಕು ಗಿಗಾಬೈಟ್ ಬೇಕು. ಆದುದರಿಂದ ಆ ಬಾಗಿಲು ಮುಚ್ಚಿದಂತೆಯೇ. ಲಿನಕ್ಸ್ ಹಾಕಿದರೂ ಯಂತ್ರವು ಕೆಲವು ವೇಳೆ ತೆವಳುತ್ತಲೇ ಇರುವುದು. ಆಗ ತಿಳಿದವರೊಬ್ಬರು, "ಹಗುರವಾದ ವಿಂಡೋ ಮ್ಯಾನೇಜರ್ ಹಾಕಿಕೋ" ಎಂದು ಸಲಹೆ ಕೊಡುವರು. ಎಲ್ಲಕ್ಕಿಂತ ಹಗುರವಾದುದು ಯಾವುದು ಎಂದು ನಮ್ಮನ್ನು ಕೇಳಿದ ವಿದ್ಯಾರ್ಥಿಗಳು ಹಲವರು. ಪ್ರಶ್ನೆ ಸಹಜವಾದುದೇ. ಆದರೆ ಭಾರವು ಎಲ್ಲಿದೆಯೆಂಬುದನ್ನು ಅರಿಯದೆ ಭಾರವನ್ನು ಇಳಿಸಲು ಹೊರಟರೆ ಪ್ರಯೋಜನವಾಗದು. ಆದಕಾರಣ ಈ ಪ್ರೋಗ್ರಾಂ ಮಾಡುವ ಕೆಲಸವೇನೆಂಬುದನ್ನು ಮೊದಲು ನೋಡೋಣ. ವಿಂಡೋವನ್ನು ಕಿಟಕಿಯೆಂದೂ, ವಿಂಡೋ ಮ್ಯಾನೇಜರನ್ನು ಮೇಲ್ವಿಚಾರಕನೆಂದೂ ಇಲ್ಲಿ ಕರೆಯುವೆವು.

ಲಿನಕ್ಸ್ ಯಂತ್ರಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಚಿತ್ರವ್ಯವಸ್ಥೆಗೆ ಎಕ್ಸ್ ಎಂದು ಹೆಸರು. ಇದು ೧೯೮೪ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಹುಟ್ಟಿತು. ಇಂದಿಗೂ ಉಳಿದಿರುವ ಅದರ ಹನ್ನೊಂದನೆಯ ರೂಪವು ೧೯೮೭ರಲ್ಲಿ ಹೊರಬಂದಿತು. ಅದನ್ನು ರಚಿಸಿದವರು ಒಂದು ನಿಯಮವನ್ನು ಇಟ್ಟುಕೊಂಡಿದ್ದರು: ಪರದೆಯ ಮೇಲೆ ಆಯತಗಳನ್ನು ತೋರಿಸುವ ಸಾಧನವನ್ನಷ್ಟೇ ತಾವು ಒದಗಿಸುವುದು, ಆ ಆಯತಗಳು ಎಲ್ಲಿರಬೇಕು, ಹೇಗಿರಬೇಕು ಎಂಬ ನೀತಿಯನ್ನು ಬೇರೆಯವರಿಗೆ ಬಿಡುವುದು. ಮೇಲ್ವಿಚಾರಕನಿಲ್ಲದೆ ಎಕ್ಸನ್ನು ಒಂದೇ ಒಂದು ಟರ್ಮಿನಲ್ಲಿನೊಡನೆ ಆರಂಭಿಸಿದರೆ ಇದು ಕಣ್ಣಿಗೇ ಕಾಣುವುದು. ಕಿಟಕಿಯು ಪರದೆಯ ಎಡಮೂಲೆಗೆ ಮೇಲ್ಗಡೆ ಅಂಟಿಕೊಂಡಿರುವುದು. ಅದಕ್ಕೆ ಶೀರ್ಷಿಕೆಯ ಪಟ್ಟಿಯಿಲ್ಲ, ಮುಚ್ಚುವ ಗುಂಡಿಯಿಲ್ಲ, ಎಳೆದರೆ ಅದು ಕದಲುವುದೂ ಇಲ್ಲ. ಎರಡನೆಯ ಕಿಟಕಿಯೊಂದನ್ನು ತೆರೆದರೆ ಅದು ಮೊದಲನೆಯದರ ಮೇಲೆಯೇ ಬಂದು ಕೂರುವುದು. ಕೆಳಗಿನದನ್ನು ಮೇಲಕ್ಕೆ ತರುವ ದಾರಿಯಿಲ್ಲ. ಪ್ರಯೋಗವಾಗಿ ಇದನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಮೇಲ್ವಿಚಾರಕನು ಬಂದೊಡನೆ ಏನಾಗುವುದು? ತಾಲ್ಲೂಕು ಕಚೇರಿಯಲ್ಲಿ ಅರ್ಜಿಯು ನೇರವಾಗಿ ತಹಸೀಲ್ದಾರರ ಕೈಗೆ ಹೋಗದೆ ಮೊದಲು ಶಿರಸ್ತೇದಾರರ ಮೇಜಿಗೆ ಬರುವುದಷ್ಟೆ. ಇಲ್ಲಿಯೂ ಹಾಗೆಯೇ. "ನನ್ನ ಕಿಟಕಿಯನ್ನು ತೋರಿಸು" ಎಂದು ಯಾವುದೇ ಪ್ರೋಗ್ರಾಂ ಎಕ್ಸ್ ಸರ್ವರನ್ನು ಕೇಳಿದರೆ, ಸರ್ವರು ಆ ಕೋರಿಕೆಯನ್ನು ತಾನು ನೆರವೇರಿಸದೆ ಮೇಲ್ವಿಚಾರಕನ ಕಡೆಗೆ ತಿರುಗಿಸುವುದು. ಸ್ಥಳವೆಲ್ಲಿ, ಅಗಲವೆಷ್ಟು, ಸುತ್ತ ಚೌಕಟ್ಟು ಬೇಕೆ ಎಂಬುದನ್ನು ಅವನು ನಿಶ್ಚಯಿಸಿ ಸರ್ವರಿಗೆ ತಿಳಿಸುವನು. ಕೋರಿಕೆಗಳನ್ನು ಹೀಗೆ ತನ್ನ ಕಡೆಗೆ ತಿರುಗಿಸಿಕೊಳ್ಳುವ ಹಕ್ಕು ಒಂದು ಸಮಯದಲ್ಲಿ ಒಂದೇ ಪ್ರೋಗ್ರಾಮಿಗೆ ದೊರೆಯುವುದು. ಇನ್ನೊಂದು ಅದನ್ನು ಬೇಡಿದರೆ ಸರ್ವರು ನಿರಾಕರಿಸುವುದು. ಇಷ್ಟು ಬಿಟ್ಟರೆ ಮೇಲ್ವಿಚಾರಕನೂ ಉಳಿದವುಗಳಂತೆ ಒಂದು ಸಾಮಾನ್ಯ ಪ್ರೋಗ್ರಾಂ. ಕೆಲಸ ಇಷ್ಟು ಮಿತವಾದುದರಿಂದಲೇ ೨೦೦೬ರಲ್ಲಿ ಬಂದ ಡಿಡಬ್ಲ್ಯುಎಂ ಎಂಬುದರ ಕರ್ತೃಗಳು ಅದರ ಮೂಲಲಿಪಿಯು ೨೦೦೦ ಸಾಲುಗಳನ್ನು ಮೀರಕೂಡದೆಂದು ಕಟ್ಟು ಮಾಡಿಕೊಳ್ಳಲು ಸಾಧ್ಯವಾಯಿತು. ಸಿ ಭಾಷೆಯನ್ನು ಕಲಿತ ವಿದ್ಯಾರ್ಥಿಯು ಅದನ್ನು ಆದಿಯಿಂದ ಅಂತ್ಯದವರೆಗೆ ಓದಬಹುದು. ಪಠ್ಯಪುಸ್ತಕದ ಅಭ್ಯಾಸಗಳಿಗಿಂತ ಅದರಿಂದ ಕಲಿಯುವುದು ಹೆಚ್ಚೆಂದೇ ನಮ್ಮ ಎಣಿಕೆ.

ಹಾಗಾದರೆ ಭಾರ ಎಲ್ಲಿಂದ ಬಂದಿತು? ಹೊಸ ಮೇಲ್ವಿಚಾರಕರು ಪ್ರತಿಯೊಂದು ಕಿಟಕಿಯ ಚಿತ್ರವನ್ನೂ ಪ್ರತ್ಯೇಕವಾಗಿ ಸ್ಮೃತಿಯಲ್ಲಿ ಇರಿಸಿಕೊಂಡು, ಅವನ್ನೆಲ್ಲ ಒಂದರ ಮೇಲೊಂದು ಸೇರಿಸಿ ಪರದೆಗೆ ಕಳುಹಿಸುವರು. ಲೆಕ್ಕ ಮಾಡೋಣ. ಹಳೆಯ ಲ್ಯಾಪ್‌ಟಾಪಿನ ಪರದೆಯಲ್ಲಿ ೧೩೬೬ × ೭೬೮ ಬಿಂದುಗಳಿವೆಯೆಂದೂ, ಒಂದು ಬಿಂದುವಿಗೆ ೪ ಬೈಟ್ ಬೇಕೆಂದೂ ಇಟ್ಟುಕೊಂಡರೆ, ಪರದೆಯನ್ನು ತುಂಬುವ ಒಂದು ಕಿಟಕಿಗೆ ೪೧,೯೬,೩೫೨ ಬೈಟ್, ಎಂದರೆ ಸುಮಾರು ೪.೨ ಮೆಗಾಬೈಟ್ ಆಗುವುದು. ಹತ್ತು ಕಿಟಕಿಗಳಿಗೆ ೪೨. ಎರಡು ಗಿಗಾಬೈಟಿನ ಮುಂದೆ ಇದು ದೊಡ್ಡ ಮೊತ್ತವಲ್ಲ. ಆದರೆ ಪರದೆಯ ಮೇಲೆ ಚಲನೆಯಿರುವಾಗ ಸೆಕೆಂಡಿಗೆ ೬೦ ಬಾರಿ ಈ ಚಿತ್ರವನ್ನು ಕಟ್ಟಬೇಕು. ಒಂದು ಸೆಕೆಂಡಿಗೆ ೨೫೦ ಮೆಗಾಬೈಟಿನಷ್ಟು ಬರೆಯುವ ಕೆಲಸವಾಯಿತು. ಚಿತ್ರಸಂಸ್ಕಾರಕ್ಕೆಂದೇ ಇರುವ ಚಿಪ್ಪಿಗೆ ಇದು ಆಟದ ಮಾತು. ಆ ಚಿಪ್ಪು ಹಳೆಯದಾಗಿ ಹೊಸ ಲಿನಕ್ಸು ಅದನ್ನು ದುಡಿಸಿಕೊಳ್ಳಲಾರದಿದ್ದರೆ ಮಾತ್ರ ಎಲ್ಲವೂ ಮುಖ್ಯ ಸಂಸ್ಕಾರಕದ ತಲೆಯ ಮೇಲೆ ಬೀಳುವುದು, ಮೌಸನ್ನು ಎಳೆದರೂ ಕಿಟಕಿಯು ಹಿಂದೆಯೇ ಉಳಿಯುವುದು. ಹಳೆಯ ಪದ್ಧತಿಯ ಮೇಲ್ವಿಚಾರಕರಲ್ಲಿ ಈ ತೊಡಕಿಲ್ಲ. ಮುಚ್ಚಿಹೋದ ಭಾಗದ ಚಿತ್ರವನ್ನು ಅವರು ಕಾಪಾಡುವುದೇ ಇಲ್ಲ. ಅದು ಮತ್ತೆ ತೆರೆದಾಗ "ನಿನ್ನ ಈ ಭಾಗವನ್ನು ಪುನಃ ಬರೆ" ಎಂದು ಸರ್ವರು ಆ ಪ್ರೋಗ್ರಾಮಿಗೇ ಹೇಳುವುದು.

ಸ್ಮೃತಿಯನ್ನು ನುಂಗುವವರು ಬೇರೆ. ಗ್ನೋಮ್, ಕೆಡಿಇ ಮೊದಲಾದ ಪೂರ್ಣ ವ್ಯವಸ್ಥೆಗಳಲ್ಲಿ ಮೇಲ್ವಿಚಾರಕನೊಡನೆ ಕಡತಗಳ ಸೂಚಿ ಮಾಡುವವನು, ಹೊಸ ಆವೃತ್ತಿಗಳನ್ನು ಹುಡುಕುವವನು, ಪಂಚಾಂಗದವನು ಎಂದು ದೊಡ್ಡ ಪರಿವಾರವೇ ಬರುವುದು. ಇವರೆಲ್ಲರನ್ನೂ ಬಿಟ್ಟು ಚಿಕ್ಕ ಮೇಲ್ವಿಚಾರಕನೊಬ್ಬನನ್ನೇ ಇಟ್ಟುಕೊಂಡರೆ ಕೆಲವು ನೂರು ಮೆಗಾಬೈಟ್ ಉಳಿಯಬಹುದು. ಈ ಉಳಿತಾಯಕ್ಕೆ ಬೆಲೆಯುಂಟೆ ಎಂಬುದು ಯಂತ್ರವನ್ನು ಅವಲಂಬಿಸಿದೆ. ಸ್ಮೃತಿಯು ಸಾಲದೆ ಹೋದಾಗ ಯಂತ್ರವು ಡಿಸ್ಕನ್ನೇ ಸ್ಮೃತಿಯಂತೆ ಬಳಸತೊಡಗುವುದು. ಸ್ಮೃತಿಯನ್ನು ಮುಟ್ಟಲು ಸುಮಾರು ೧೦೦ ನ್ಯಾನೋಸೆಕೆಂಡು ಸಾಕು. ತಿರುಗುವ ಡಿಸ್ಕಿನಲ್ಲಿ ಸ್ಥಾನವನ್ನು ಹುಡುಕಲು ಸುಮಾರು ೧೦ ಮಿಲಿಸೆಕೆಂಡು ಬೇಕು. ಒಂದು ಲಕ್ಷ ಪಟ್ಟು! ಆದುದರಿಂದ ಯಂತ್ರವು ನಿಧಾನವಾಗಿ ನಿಧಾನವಾಗುವುದಿಲ್ಲ. ಒಂದು ಅಂಚನ್ನು ದಾಟಿದೊಡನೆ ಕುಸಿಯುವುದು. ಎರಡು ಗಿಗಾಬೈಟಿನ ಯಂತ್ರವು ಆ ಅಂಚಿನಲ್ಲಿಯೇ ಇರುವುದರಿಂದ ಅಲ್ಲಿ ೩೦೦ ಮೆಗಾಬೈಟಿನ ಉಳಿತಾಯವು ಪ್ರಾಣದಾನದಂತೆ. ಹದಿನಾರು ಗಿಗಾಬೈಟಿನ ಯಂತ್ರದಲ್ಲಿ ಅದು ಗೊತ್ತೇ ಆಗದು.

ಆದರೂ ಒಂದು ಮಾತು. ಅಂತರಜಾಲದ ಬ್ರೌಸರಿನಲ್ಲಿ ನಾಲ್ಕಾರು ದೊಡ್ಡ ಪುಟಗಳನ್ನು ತೆರೆದರೆ ಉಳಿಸಿದುದೆಲ್ಲವೂ ಅಲ್ಲಿಯೇ ಕರಗಿಹೋಗಬಹುದು. ಆದಕಾರಣ ಅಳೆಯದೆ ನಂಬಬಾರದು. ಟರ್ಮಿನಲ್ಲಿನಲ್ಲಿ 'ಫ್ರೀ' ಎಂಬ ಆಜ್ಞೆಯನ್ನು ಕೊಟ್ಟು, ಬದಲಾವಣೆಗೆ ಮೊದಲೂ ಅನಂತರವೂ, ಅದೇ ಪುಟಗಳನ್ನು ತೆರೆದಿಟ್ಟು ಅಳೆಯಿರಿ. ಅಲ್ಲಿ 'ಫ್ರೀ' ಎಂಬ ಕಲಂ ಕಂಡು ಹೆದರುವವರುಂಟು. ಖಾಲಿ ಸ್ಮೃತಿಯನ್ನು ಲಿನಕ್ಸು ಡಿಸ್ಕಿನ ಕಡತಗಳನ್ನಿಡಲು ಬಳಸಿಕೊಂಡು, ಬೇಕಾದಾಗ ಬಿಟ್ಟುಕೊಡುವುದು. ಓದಬೇಕಾದ ಕಲಂ 'ಅವೈಲಬಲ್' ಎಂಬುದು.

ಇನ್ನು ಆಯ್ಕೆ. ಮೇಲ್ವಿಚಾರಕರಲ್ಲಿ ಮುಖ್ಯವಾಗಿ ಎರಡು ಪಂಗಡ. ಓಪನ್‌ಬಾಕ್ಸ್, ಐಸ್‌ಡಬ್ಲ್ಯುಎಂ ಮೊದಲಾದವು ಕಿಟಕಿಗಳನ್ನು ಮೇಜಿನ ಮೇಲಿನ ಕಾಗದಗಳಂತೆ ಒಂದರ ಮೇಲೊಂದು ಬಿಡುವುವು. ಡಿಡಬ್ಲ್ಯುಎಂ, ೨೦೦೯ರಲ್ಲಿ ಬಂದ ಐತ್ರೀ ಮೊದಲಾದವು ನೆಲಕ್ಕೆ ಹಾಸುಗಲ್ಲು ಹಾಕಿದಂತೆ ಪರದೆಯನ್ನೆಲ್ಲ ಹಂಚಿಕೊಡುವುವು. ಒಂದು ಇನ್ನೊಂದನ್ನು ಮುಚ್ಚುವುದಿಲ್ಲ. ಎಡಕ್ಕೆ ಪ್ರೋಗ್ರಾಂ, ಬಲಕ್ಕೆ ಅದು ಬಿಡಿಸಿದ ನಕ್ಷೆ ಎಂದು ಕೆಲಸ ಮಾಡುವ ಭೌತವಿಜ್ಞಾನದ ವಿದ್ಯಾರ್ಥಿಗೆ ಎರಡನೆಯದು ಬಹಳ ಅನುಕೂಲ. ಆದರೆ ಕೆಲಸವೆಲ್ಲವೂ ಕೀಲಿಗಳಿಂದ. ಮೊದಲ ವಾರ ಕೈಗೆ ಕಷ್ಟವೇ. ಮನೆಯಲ್ಲಿ ತಮ್ಮ ತಂಗಿಯರೂ ಬಳಸುವ ಯಂತ್ರವಾದರೆ ಮೊದಲ ಪಂಗಡವೇ ಲೇಸು. ಹೆಸರು ಕೇಳುವವರಿಗೆ ನಾವು ಐಸ್‌ಡಬ್ಲ್ಯುಎಂ ಎನ್ನುವೆವು: ಕೆಳಗೆ ಪಟ್ಟಿಯೂ ಮೂಲೆಯಲ್ಲಿ ಮೆನುವೂ ಇರುವುದರಿಂದ ಹೊಸಬರಿಗೆ ದಿಕ್ಕು ತಪ್ಪದು.

ಕನ್ನಡ ಬರೆಯುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಕಿಟಕಿಯ ಒಳಗಿನ ಅಕ್ಷರಗಳನ್ನು ಆಯಾ ಪ್ರೋಗ್ರಾಮೇ ಬರೆಯುವುದರಿಂದ ಅಲ್ಲಿ ಭೇದವಿಲ್ಲ. ಶೀರ್ಷಿಕೆಯನ್ನು ಮಾತ್ರ ಮೇಲ್ವಿಚಾರಕನು ಬರೆಯುವನು. ಓಪನ್‌ಬಾಕ್ಸ್, ಐತ್ರೀಗಳು ಇದಕ್ಕೆ ಪ್ಯಾಂಗೋ ಎಂಬ ಅಕ್ಷರಜೋಡಣೆಯ ಸಾಧನವನ್ನು ಬಳಸುವುದರಿಂದ ಕನ್ನಡ ಸರಿಯಾಗಿ ಮೂಡುವುದು. ಡಿಡಬ್ಲ್ಯುಎಂ ಅಕ್ಷರಗಳನ್ನು ಜೋಡಿಸದೆ ಸಾಲಾಗಿ ಇಡುವುದರಿಂದ ಒತ್ತಕ್ಷರಗಳು ಕೆಳಗಿಳಿಯದೆ ಬಿಡಿಬಿಡಿಯಾಗಿ ನಿಲ್ಲುವುವು. ಕನ್ನಡ ಬೆರಳಚ್ಚಿಗೆ ಐಬಸ್ ಬಳಸುವವರು ಅದನ್ನು ಆರಂಭಿಸುವ ಸಾಲನ್ನು ತಾವೇ ಬರೆದಿಡಬೇಕಾಗಬಹುದು. ವೈಫೈ, ಧ್ವನಿ, ಪರದೆಯ ಬೀಗಗಳ ಮಾತೂ ಹಾಗೆಯೇ. ಬ್ಯಾಟರಿ ಮುಗಿಯುತ್ತಿದೆಯೆಂದು ಎಚ್ಚರಿಸುತ್ತಿದ್ದವನೂ ನಾವು ಬಿಟ್ಟು ಬಂದ ಪರಿವಾರದವನೇ ಆಗಿರುವುದರಿಂದ, ಬೇರೆ ಏರ್ಪಾಡು ಮಾಡದಿದ್ದರೆ ಒಂದು ಸಂಜೆ ಬರೆಯುತ್ತಿದ್ದ ಪ್ರಾಜೆಕ್ಟಿನ ನಡುವೆ ಯಂತ್ರವು ಹೇಳದೆ ಕೇಳದೆ ಆರಿಹೋಗುವುದು.

ಎಕ್ಸಿನ ಸ್ಥಾನಕ್ಕೆ ಈಗ ವೇಲ್ಯಾಂಡ್ ಬರುತ್ತಿದೆ. ಅದರಲ್ಲಿ ಸರ್ವರೂ ಮೇಲ್ವಿಚಾರಕನೂ ಒಂದೇ ಪ್ರೋಗ್ರಾಂ. ಐತ್ರೀಯನ್ನು ಹೋಲುವ ಸ್ವೇ, ಓಪನ್‌ಬಾಕ್ಸನ್ನು ಹೋಲುವ ಲ್ಯಾಬ್‌ಡಬ್ಲ್ಯುಸಿ ಅಲ್ಲಿ ಇವೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಯಂತ್ರದ ವ್ಯವಸ್ಥೆಯು ೨೦೨೪ರಲ್ಲಿ ಲ್ಯಾಬ್‌ಡಬ್ಲ್ಯುಸಿಯನ್ನು ಸ್ವೀಕರಿಸಿತು.

ಪ್ರಯೋಗಕ್ಕಾಗಿ ಹಳೆಯದನ್ನು ತೆಗೆದುಹಾಕಬೇಕಾಗಿಲ್ಲ. ಹೊಸ ಮೇಲ್ವಿಚಾರಕನನ್ನು ಪಕ್ಕದಲ್ಲಿ ಸ್ಥಾಪಿಸಿಕೊಂಡರೆ, ಗುಪ್ತಪದ ಕೇಳುವ ಪರದೆಯಲ್ಲಿಯೇ ಯಾರು ಬೇಕೆಂದು ಆರಿಸಬಹುದು. ಹೊರಗೆ ಬರುವ ಕೀಲಿಗಳನ್ನು ಮಾತ್ರ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿರಿ. ಆಲ್ಟ್, ಶಿಫ್ಟ್, ಕ್ಯೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ಆಲ್ಟನ್ನೇ ಮುಖ್ಯ ಕೀಲಿಯಾಗಿ ಆರಿಸಿಕೊಂಡ ಐತ್ರೀಯಲ್ಲಿ ಎದುರಿನ ಒಂದು ಕಿಟಕಿ ಮುಚ್ಚುವುದು. ಡಿಡಬ್ಲ್ಯುಎಂನಲ್ಲಿ ಮೇಲ್ವಿಚಾರಕನೇ ಹೊರಟುಹೋಗುವನು, ಅವನೊಡನೆ ಸಾಮಾನ್ಯವಾಗಿ ತೆರೆದ ಕಿಟಕಿಗಳೂ, ಅವುಗಳಲ್ಲಿ ಉಳಿಸದೆ ಇದ್ದ ಬರವಣಿಗೆಯೂ.