ಹಾರುವ ಬಿಲ್ಲೆಯ ಆಯ್ಕೆ

ಸಿದ್ದಾಪುರ ತಾಲೂಕಿನ ದೊಡ್ಮನೆಯಂಥ ಅಡಕೆಯ ಸೀಮೆಯಲ್ಲಿ ಹಾಳೆತಟ್ಟೆಯನ್ನು ಅರಿಯದವರಿಲ್ಲ. ಒಣಗಿದ ತಟ್ಟೆಯೊಂದನ್ನು ಬೋರಲಾಗಿ ಹಿಡಿದು ಎಸೆದು ನೋಡಿರಿ. ತಿರುಗಿಸದೆ ಎಸೆದರೆ ಅದು ಒಡನೆಯೇ ಮಗುಚಿ ಬೀಳುವುದು. ರಭಸದಿಂದ ತಿರುಗಿಸಿ ಎಸೆದರೆ ತುಸು ದೂರ ತೇಲುವುದು. ಅಮೆರಿಕದ ವಿದ್ಯಾರ್ಥಿಗಳು ಫ್ರಿಸ್ಬಿ ಎಂಬ ಬೇಕರಿಯ ತಗಡಿನ ತಟ್ಟೆಗಳನ್ನು ಹೀಗೆಯೇ ಎಸೆದು ಆಡುತ್ತಿದ್ದರು. 1957ರಲ್ಲಿ ಆ ಹೆಸರು ಪ್ಲಾಸ್ಟಿಕ್ ಬಿಲ್ಲೆಗೆ ಬಂದಿತು. ಬಿಲ್ಲೆಯನ್ನು ಎಸೆದೆಸೆದು ಸರಪಳಿಯ ಬುಟ್ಟಿಗೆ ಸೇರಿಸುವ ಡಿಸ್ಕ್ ಗಾಲ್ಫ್ ಆಟವು 1970ರ ದಶಕದಲ್ಲಿ ರೂಪುಗೊಂಡಿತು.

ಈ ಆಟದ ಬಿಲ್ಲೆಗಳಲ್ಲಿ ಮುಖ್ಯವಾಗಿ ಮೂರು ಬಗೆ: ದೂರ ಹಾರುವ ಡ್ರೈವರ್, ಬುಟ್ಟಿಗೆ ಹಾಕುವ ಪಟರ್, ಇವೆರಡರ ನಡುವಿನ ಮಿಡ್‌ರೇಂಜ್. ಹೊಸಬನು ಹೆಚ್ಚು ದೂರದ ಆಸೆಯಿಂದ ಚೂಪಂಚಿನ ಡ್ರೈವರನ್ನೇ ಕೊಳ್ಳುತ್ತಾನೆ. ಅದಕ್ಕೆ ಬೇಕಾದ ವೇಗ ಅವನ ತೋಳಿನಲ್ಲಿರುವುದಿಲ್ಲ. ಬಿಲ್ಲೆ ಬೇಗನೆ ಓರೆಯಾಗಿ ನೆಲಕ್ಕಿಳಿಯುತ್ತದೆ. ದೋಷ ತನ್ನ ಕೈಯದೆಂದು ಬಗೆದು ಅವನು ಆಟವನ್ನೇ ಬಿಡುತ್ತಾನೆ. ಆದುದರಿಂದ ಮಿಡ್‌ರೇಂಜಿನಿಂದ ಆರಂಭಿಸುವುದೇ ಲೇಸು.

ತಿರುಗುವ ಬಿಲ್ಲೆ ಏಕೆ ಮಗುಚುವುದಿಲ್ಲ? ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಸುಲಭವಾಗಿ ಬಿಟ್ಟುಕೊಡದು. ದ್ರವ್ಯವು ಅಂಚಿನಲ್ಲಿದ್ದಷ್ಟೂ ಈ ಗುಣ ಹೆಚ್ಚು. ಒಂದೇ ತೂಕ, ಒಂದೇ ಅಗಲದ ಬಳೆಯ ಜಡತ್ವಭ್ರಮಣಾಂಕವು ತುಂಬಿದ ಬಿಲ್ಲೆಯದರ ಎರಡರಷ್ಟು. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಅವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 2 ಕಿಲೋಗ್ರಾಂ ಚಕ್ರವನ್ನು 63.64 ಮೀಟರ್ ಎಸೆದು ಚಿನ್ನ ಗೆದ್ದರು. ಅಂಥ ಚಕ್ರಗಳ ಅಂಚು ಲೋಹದ್ದಾಗಿರುವುದಕ್ಕೂ ಇದೇ ತತ್ತ್ವ ಸಲ್ಲುತ್ತದೆ.

ಆದರೆ ಗಾಳಿಯ ಎತ್ತುಬಲವು ಬಿಲ್ಲೆಯ ಸರಿಯಾದ ನಡುವಿನಲ್ಲಿ ವರ್ತಿಸುವುದಿಲ್ಲ. ವೇಗ ಹೆಚ್ಚಿರುವಾಗ ಮೂಗನ್ನು ಕೆಳಕ್ಕೂ, ವೇಗ ಕುಂದಿದಾಗ ಮೇಲಕ್ಕೂ ಒತ್ತುತ್ತದೆ. ತಿರುಗುವ ಬಿಲ್ಲೆ ಈ ಒತ್ತಡಕ್ಕೆ ಅಡ್ಡವಾಗಿ ಓಲುತ್ತದೆ. ಬಲಗೈಯವನು ಹಿಂಗೈಯಿಂದ ಎಸೆದ ಬಿಲ್ಲೆ ಮೊದಲು ತುಸು ಬಲಕ್ಕೆ ವಾಲಿ, ಕೊನೆಯಲ್ಲಿ ಎಡಕ್ಕೆ ಸರಿಯುವುದು ಇದರಿಂದಲೇ. ಬಿಲ್ಲೆಯ ಮೇಲೆ ಅನೇಕ ತಯಾರಕರು ಮುದ್ರಿಸುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವೇಗ, ತೇಲುವಿಕೆ. ಉಳಿದೆರಡು ಈ ಬಲವಾಲು ಹಾಗೂ ಎಡಸರಿತಗಳನ್ನೇ ಸೂಚಿಸುತ್ತವೆ.

ಹೊಸಬರು ವೇಗ 4 ಅಥವಾ 5, ಬಲವಾಲು 0 ಅಥವಾ −1, ಎಡಸರಿತ 0 ಅಥವಾ 1 ಇರುವುದನ್ನು ಆರಿಸಬಹುದು. ತೂಕದ ಮಿತಿ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ, ಎಂದರೆ 21.7 ಸೆಂಟಿಮೀಟರಿನ ಬಿಲ್ಲೆ ಸುಮಾರು 180 ಗ್ರಾಂ ಮೀರುವಂತಿಲ್ಲ. ಮಕ್ಕಳಿಗೆ ಹಗುರವಾದುದೇ ಸರಿ.

ಎದುರುಗಾಳಿಯನ್ನೂ ಗಮನಿಸಬೇಕು. ಸೆಕೆಂಡಿಗೆ 20 ಮೀಟರ್ ವೇಗದ ಬಿಲ್ಲೆಗೆ 5 ಮೀಟರ್ ಎದುರುಗಾಳಿ ಸಿಕ್ಕಿದರೆ, ಗಾಳಿಯ ಲೆಕ್ಕದಲ್ಲಿ ಅದರ ವೇಗ 25. ಬಲವು ವೇಗದ ವರ್ಗವನ್ನು ಅನುಸರಿಸುವುದರಿಂದ ಅದು ಒಂದೂವರೆಪಟ್ಟಿಗೂ ಮಿಗಿಲಾಗುತ್ತದೆ. ಬಿಲ್ಲೆ ಹೆಚ್ಚಾಗಿ ಬಲಕ್ಕೆ ವಾಲುತ್ತದೆ. ಆಗ ಎಡಸರಿತ ಹೆಚ್ಚಿರುವ ಬಿಲ್ಲೆಯೇ ನೇರ ಹೋಗುವುದು. ಬಳಸಿ ಸವೆದ ಬಿಲ್ಲೆಯೂ ಕ್ರಮೇಣ ಬಲಕ್ಕೆ ವಾಲತೊಡಗುತ್ತದೆ.

ಗಾಳಿಯಿಲ್ಲದ ಸಂಜೆ ಒಂದೇ ಬಿಲ್ಲೆಯನ್ನು ಹತ್ತು ಸಲ ಎಸೆದು, ಬಿದ್ದ ಜಾಗಗಳನ್ನು ಗುರುತಿಸಿರಿ. ಹತ್ತೂ ಒಂದೆಡೆ ಕೂಡಿದರೆ ಆಯ್ಕೆ ಸರಿಯಾಯಿತೆಂದು ತಿಳಿಯಬಹುದು.