ಜಪಾನಿನ ಮೂರು ಶಾಂತಸ್ಥಳಗಳು

ದೇಶಸಂಚಾರವೂ ವಿದ್ಯೆಯ ಒಂದು ಅಂಗವೇ ಸರಿ. ಆದರೆ ಜಪಾನಿಗೆ ಹೋದವರಲ್ಲಿ ಅನೇಕರು ದೊಡ್ಡ ಪಟ್ಟಣಗಳ ಜನಸಂದಣಿಯನ್ನೂ ಅಂಗಡಿಬೀದಿಗಳನ್ನೂ ನೋಡಿ ದಣಿದು ಹಿಂದಿರುಗುವರು. ಆ ದೇಶಕ್ಕೆ ಹೋಗಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ಪ್ರಯೋಜನವಾಗಲೆಂದು, ಮನಸ್ಸಿಗೆ ಶಾಂತಿಯನ್ನೀಯುವ ಮೂರು ಸ್ಥಳಗಳನ್ನು ಇಲ್ಲಿ ವಿವರಿಸುವೆವು.

ಮೊದಲನೆಯದು ಕ್ಯೋಟೋ ನಗರದಲ್ಲಿ 1450ರಲ್ಲಿ ಸ್ಥಾಪಿತವಾದ ರಿಯೋಆನ್‌ಜಿ ಎಂಬ ಬೌದ್ಧಾಲಯದ ತೋಟ. ತೋಟವೆಂದರೂ ಇಲ್ಲಿ ಹೂವಿಲ್ಲ, ನೀರಿಲ್ಲ. ಸುಮಾರು 25 ಮೀಟರು ಉದ್ದ, 10 ಮೀಟರು ಅಗಲವಾದ ಅಂಗಳದಲ್ಲಿ ಬಿಳಿಯ ಹರಳುಗಳನ್ನು ಹರಡಿ, ನಡುನಡುವೆ 15 ಕಲ್ಲುಗಳನ್ನು ಇರಿಸಿರುವರು. ಜಗಲಿಯಲ್ಲಿ ಎಲ್ಲಿ ಕುಳಿತರೂ ಒಂದಾದರೂ ಕಲ್ಲು ಮರೆಯಾಗಿಯೇ ಇರುವುದು. ಎಲ್ಲವನ್ನೂ ಒಮ್ಮೆಗೇ ಕಾಣಬಲ್ಲೆವೆಂಬ ಗರ್ವಕ್ಕೆ ಇದು ತಕ್ಕ ಪಾಠವು. ಹರಳುಗಳ ಮೇಲಣ ಗೆರೆಗಳನ್ನು ಕೈಯಿಂದಲೇ ಮರಳಿ ಮರಳಿ ತಿದ್ದಿ ಕಾಪಾಡುತ್ತಾರೆ. ಬೆಳಿಗ್ಗೆ ಬೇಗನೆ ಹೋಗುವುದು ಉತ್ತಮ.

ಎರಡನೆಯದು ಒಸಾಕಾದ ದಕ್ಷಿಣಕ್ಕಿರುವ ಕೋಯಾ ಪರ್ವತ. 816ರಲ್ಲಿ ಚಕ್ರವರ್ತಿಯು ಇದನ್ನು ಕೂಕಾಯ್ ಎಂಬ ಗುರುವಿಗೆ ಕೊಟ್ಟನು. ಆತನ ಸಮಾಧಿಗೆ ಹೋಗುವ ಸುಮಾರು 2 ಕಿಲೋಮೀಟರಿನ ಹಾದಿಯ ಇಕ್ಕೆಲಗಳಲ್ಲಿ ಮುಗಿಲುಮುಟ್ಟುವ ವೃಕ್ಷಗಳೂ ಎರಡು ಲಕ್ಷಕ್ಕೂ ಮಿಕ್ಕ ಗೋರಿಗಳೂ ಇವೆ. ಗುರುವು ಇನ್ನೂ ಧ್ಯಾನದಲ್ಲಿರುವನೆಂದು ನಂಬಿ, ಸಂನ್ಯಾಸಿಗಳು ದಿನಕ್ಕೆ ಎರಡಾವರ್ತಿ ಅಲ್ಲಿಗೆ ಆಹಾರವನ್ನು ಒಯ್ಯುತ್ತಾರೆ. ಪ್ರವಾಸಿಗಳು ಮಠಗಳಲ್ಲಿಯೇ ತಂಗಬಹುದು; ಸಸ್ಯಾಹಾರವೂ ದೊರೆಯುವುದು.

ಮೂರನೆಯದು ಹಿರೋಶಿಮಾದ ಶಾಂತಿವನ. ಇಲ್ಲಿಯ ಮೌನವು ಬೇರೆ ಬಗೆಯದು. 1945ನೆಯ ಆಗಸ್ಟ್ 6ರ ಬೆಳಿಗ್ಗೆ ಅಣುಬಾಂಬು ಬಿದ್ದಾಗ, ಬೆಂಕಿ ಹಬ್ಬದಂತೆ ಮನೆಗಳನ್ನು ಕೆಡವಿ ತೆರಪು ಮಾಡುವ ಕೆಲಸಕ್ಕಾಗಿ ಕರೆತಂದ ಸಾವಿರಾರು ಶಾಲಾಮಕ್ಕಳು ನಗರಮಧ್ಯದಲ್ಲಿದ್ದರು. ಅವರಲ್ಲಿ ಹೆಚ್ಚಿನವರು ಮನೆಗೆ ಹಿಂದಿರುಗಲಿಲ್ಲ. ಹಾಜರಿಪುಸ್ತಕವನ್ನು ನಿತ್ಯವೂ ಕೈಯಲ್ಲಿ ಹಿಡಿಯುವ ನಮಗೆ ಇದನ್ನು ಬರೆಯುವಾಗ ಲೇಖನಿ ನಿಲ್ಲುವುದು. ಆಗ 2 ವರುಷದವಳಾಗಿದ್ದ ಸದಾಕೋ ಸಸಾಕಿ ಎಂಬ ಬಾಲಿಕೆಯು 1955ರಲ್ಲಿ ರಕ್ತದ ಅರ್ಬುದರೋಗದಿಂದ ತೀರಿಕೊಂಡಳು. ಗುಣವಾಗುವೆನೆಂಬ ಆಸೆಯಿಂದ ಅವಳು ಕಾಗದದ ಕೊಕ್ಕರೆಗಳನ್ನು ಮಡಿಸುತ್ತಿದ್ದಳು. ಅವಳ ಸಹಪಾಠಿಗಳು ಆರಂಭಿಸಿದ ಪ್ರಯತ್ನದಿಂದ 1958ರಲ್ಲಿ ಮಕ್ಕಳ ಸ್ಮಾರಕವು ಎದ್ದಿತು. ನಾನಾ ದೇಶಗಳ ಮಕ್ಕಳು ಇಂದಿಗೂ ಅಲ್ಲಿಗೆ ಕೊಕ್ಕರೆಗಳನ್ನು ಕಳುಹಿಸುತ್ತಾರೆ.

ಈ ಮೂರರಿಂದಲೂ ಕಲಿಯಬೇಕಾದುದು ಒಂದೇ: ಶಾಂತಿಯು ತಾನಾಗಿ ನೆಲೆಸುವಂಥದಲ್ಲ, ಗೆರೆ ಎಳೆಯುವ, ಅನ್ನ ಒಯ್ಯುವ, ಕಾಗದ ಮಡಿಸುವ ಕೈಗಳು ಅದನ್ನು ದಿನದಿನವೂ ಕಾಯಬೇಕು. ಆದುದರಿಂದ ಈ ಸ್ಥಳಗಳಲ್ಲಿ ಮೆಲ್ಲನೆ ನಡೆಯಿರಿ, ಮೆಲ್ಲನೆ ಮಾತಾಡಿರಿ. ಹೊರಡುವ ಮುಂಚೆ ನಿಮ್ಮ ಮಗಳನ್ನು ಹತ್ತಿರ ಕೂರಿಸಿಕೊಂಡು ಒಂದು ಕೊಕ್ಕರೆಯನ್ನು ಮಡಿಸುವುದನ್ನು ಕಲಿಸಿರಿ. ಅದನ್ನು ಅವಳೇ ಅಲ್ಲಿ ಇಟ್ಟುಬರಲಿ.